ರೆಪ್ಪೆಗೂದಲು ಎಣಿಸುವಷ್ಟು

ಜೂನ್ 6

ಅತ್ತೆಗೆ ನಮಸ್ಕಾರ.

ಗಟ್ಟಿ ಲಕೋಟೆಯನ್ನು ದಯವಿಟ್ಟು ಬಗ್ಗಿಸಬೇಡಿ, ಒಳಗೆ ನಿಮ್ಮ ಮೊಮ್ಮಗಳಿದ್ದಾಳೆ.

ನೀವು ಹೇಳಿದ್ದನ್ನೆಲ್ಲ ಪಾಲಿಸಿದ್ದೇನೆ. ಬಣ್ಣವಿಲ್ಲ, ಕಪ್ಪು-ಬಿಳುಪು. ಫ್ಲಾಶ್ ಇಲ್ಲ, ಕಿಟಕಿಯ ಬೆಳಕು. ಮೊಬೈಲಿಗೆ ಕಳಿಸಿಲ್ಲ. "ಗಾಜಿನ ಮೇಲೆ ಬೆರಳು ಉಜ್ಜಿ ನೋಡೋದು ಫೋಟೋನಾ? ಅದು ಕಿಟಕಿ ಒರೆಸೋ ಕೆಲಸ" ಎಂದು ನೀವು ಅಂದದ್ದನ್ನು ನಿಮ್ಮ ಮಗ ಆಫೀಸಿನಲ್ಲೆಲ್ಲ ಹೇಳಿಕೊಂಡು ನಗುತ್ತಾರಂತೆ. ನಕ್ಕು ಸುಮ್ಮನಾಗಿದ್ದರೆ ಸರಿಹೋಗುತ್ತಿತ್ತು. ಹೋಗಿ ಒಂದು ಇಂಕ್‌ಜೆಟ್ ಪ್ರಿಂಟರ್ ಹೊತ್ತು ತಂದರು. ತೊಟ್ಟಿಲಿಗಿಂತ ದೊಡ್ಡದು. ಈಗ ತೊಟ್ಟಿಲಿಡಬೇಕಾಗಿದ್ದ ಜಾಗದಲ್ಲಿ ಪ್ರಿಂಟರ್ ಇದೆ, ತೊಟ್ಟಿಲು ಬೀರುವಿಗೆ ಒರಗಿಕೊಂಡಿದೆ. ಬೀರು ತೆಗೆಯಬೇಕಾದರೆ ಮಗುವನ್ನು ಸರಿಸಬೇಕು.

ನಿಮ್ಮ ಸ್ಟುಡಿಯೋದ ಗೋಡೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮನೆಯ ಮಕ್ಕಳೆಲ್ಲ ಸಾಲಾಗಿ, ನೀವೇ ತೆಗೆದು ಕತ್ತಲೆಕೋಣೆಯಲ್ಲಿ ನೀವೇ ತೊಳೆದು ನೇತುಹಾಕಿದ ಮುಖಗಳು. ಕೊನೆಯಲ್ಲಿ ನಿಮ್ಮ ಮಗ, ಮೂಗು ಒರೆಸದೆ. ಅವರ ಪಕ್ಕದಲ್ಲಿ ಒಂದು ಖಾಲಿ ಮೊಳೆ. "ಆ ಮೊಳೆಗೆ ಬರಬೇಕಾದರೆ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟವಾಗಿರಬೇಕು. ಅಂಥದ್ದೊಂದು ಕಳಿಸು, ಅವತ್ತೇ ಬಸ್ ಹತ್ತಿ ಬಂದು ಮಗು ನೋಡುತ್ತೇನೆ" ಎಂದಿದ್ದೀರಿ. ನಿಮ್ಮ ಮಾತನ್ನು ನಂಬಿ ಕಳಿಸುತ್ತಿದ್ದೇನೆ.

ನನ್ನ ಬಗ್ಗೆ ಕೇಳಿದಿರಿ. ನಾನು ಮಲಗುವುದನ್ನು ಮರೆತಿದ್ದೇನೆ. ಅವಳು ಅತ್ತರೆ ಯಾಕೆ ಅಳುತ್ತಾಳೆ ಎಂದು ಭಯ, ಅಳದಿದ್ದರೆ ಯಾಕೆ ಅಳುತ್ತಿಲ್ಲ ಎಂದು ಭಯ. ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ, ಆಗ ಏಳುತ್ತಾಳೆ. ನಿಮ್ಮ ಮಗ ಅವಳಿಗೆ ಗೂಬೆಮರಿ ಎಂದು ಹೆಸರಿಟ್ಟಿದ್ದಾರೆ.

ಯಾವಾಗ ಬರುತ್ತೀರಿ?

ನಿಮ್ಮ ಸೊಸೆ

*

ಜೂನ್ 15

ಸೊಸೆಗೆ,

ಲಕೋಟೆ ಬಗ್ಗಿಲ್ಲ. ಒಳಗಿರುವುದು ಮಗುವೋ ಮೋಡವೋ ತಿಳಿಯಲಿಲ್ಲ. ಈ ಕೈ ಊರಿನ ಅರ್ಧ ಜನರ ಮದುವೆ ಫೋಟೋ ತೆಗೆದಿದೆ. ಮಂಜು ಯಾವುದು ಮುಖ ಯಾವುದು ಅಂತ ನನಗೆ ಹೇಳಿಕೊಡಬೇಡ. ರೆಪ್ಪೆ ಎಣಿಸುವ ಮಾತು ಹಾಗಿರಲಿ, ಕಣ್ಣು ಎಷ್ಟು ಅಂತ ಎಣಿಸುವುದೇ ಕಷ್ಟವಾಯಿತು.

ಪ್ರಿಂಟರ್ ಸರಿಯಿಲ್ಲ ಅಂತ ಈಗ ಬರೆಯುತ್ತೀಯ, ಗೊತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಿನ್ನ ಅಕ್ಷರ ಇರುವೆ ಸಾಲು. ದಪ್ಪ ಪೆನ್ನಿನಲ್ಲಿ ಬರೆ. ನನಗೆ ಬಿಡುವಿಲ್ಲದೆ ಪಕ್ಕದ ಅಂಗಡಿಯ ಟೇಲರಮ್ಮನ ಕೈಲಿ ಓದಿಸಿದೆ. ಅವಳು ಓದುವಾಗ ನಡುನಡುವೆ ತನ್ನ ಮಾತನ್ನೂ ಸೇರಿಸುತ್ತಾಳೆ. "ಪಾಪ, ಹುಡುಗಿ ಸೊರಗಿರಬೇಕು" ಅನ್ನುವುದು ನೀನು ಬರೆದದ್ದೋ ಅವಳು ಹೊಲಿದದ್ದೋ ಬಿಡಿಸಲು ಅರ್ಧ ದಿನ ಹಿಡಿಯಿತು.

ಮಗುವಿಗೆ ಗೂಬೆ ಅನ್ನಬೇಡಿ. ಗೂಬೆಗೆ ಕಣ್ಣಾದರೂ ಎದ್ದು ಕಾಣುತ್ತದೆ.

ಅತ್ತೆ

*

ಜೂನ್ 23

ಅತ್ತೆಗೆ ನಮಸ್ಕಾರ. (ಇದು ಮನೆಯಲ್ಲಿರುವ ಅತಿ ದಪ್ಪ ಪೆನ್ನು.)

ನಿಮ್ಮ ಬೈಗುಳದಿಂದ ಉಪಕಾರವೇ ಆಯಿತು, ತಪ್ಪು ಸಿಕ್ಕಿತು. ನಾನು ಕಾಗದದ ಹಿಂಬದಿಗೆ ಪ್ರಿಂಟ್ ಹಾಕಿದ್ದೆ! ಈ ಫೋಟೋ ಕಾಗದಕ್ಕೆ ಒಂದೇ ಮಗ್ಗುಲಿಗೆ ಶಾಯಿ ಹಿಡಿಯುವ ಲೇಪ ಇರುತ್ತದೆ. ಇನ್ನೊಂದು ಮಗ್ಗುಲಿಗೆ ಹಾಕಿದರೆ ಒದ್ದೆ ಬಟ್ಟೆಯ ಮೇಲೆ ಬಿದ್ದ ಹಾಗೆ ಶಾಯಿ ಹರಡುತ್ತದೆ. ನಿದ್ದೆಗೆಟ್ಟ ಕಣ್ಣಿಗೆ ಎರಡು ಮಗ್ಗುಲೂ ಒಂದೇ ಬಿಳಿ. ಅದಕ್ಕೆ ಮೂಲೆಯನ್ನು ತುಟಿಗೆ ಒತ್ತಿ ನೋಡಬೇಕಂತೆ, ಅಂಟಿದ್ದು ಸರಿ ಮಗ್ಗುಲು. ನಾನು ಒಂದೊಂದು ಹಾಳೆಯನ್ನೂ ಎತ್ತಿ ಮುತ್ತಿಡುತ್ತಿದ್ದಾಗ ನಿಮ್ಮ ಮಗ ಕೆಲಸದಿಂದ ಬಂದರು. ಬಾಗಿಲಲ್ಲೇ ನಿಂತು ಚಪ್ಪಲಿಯನ್ನೂ ಬಿಡದೆ, "ನಾನು ಆಮೇಲೆ ಬರ್ಲಾ?" ಅಂದರು.

ಎರಡನೆಯ ವಿಷಯ ಇನ್ನೂ ದೊಡ್ಡದು. ಪ್ರಿಂಟರಿಗೆ ಸ್ವಂತ ಬುದ್ಧಿ ಇಲ್ಲ. ಎಲ್ಲಿ ಎಷ್ಟು ಶಾಯಿ ಚುಕ್ಕೆ ಬೀಳಬೇಕೆಂದು ಹೇಳಲು ಕಂಪ್ಯೂಟರಿನೊಳಗೆ ಡ್ರೈವರ್ ಎಂಬ ತಂತ್ರಾಂಶ ಇರುತ್ತದೆ, ಗಾರೆ ಕೆಲಸಕ್ಕೆ ಮೇಸ್ತ್ರಿ ಇದ್ದ ಹಾಗೆ. ಪ್ರಿಂಟರಿನ ಪೆಟ್ಟಿಗೆಯಲ್ಲೇ ಬಂದವನು ದೊಡ್ಡ ಮೇಸ್ತ್ರಿ. ಬೂದು ಬಣ್ಣ ಕೇಳಿದರೆ ಅವನು ಬಣ್ಣದ ಶಾಯಿಗಳನ್ನೂ ಒಂದು ಚಿಟಿಕೆ ಬೆರೆಸುತ್ತಾನೆ. ಇನ್ನೊಬ್ಬ ಚಿಕ್ಕ ಮೇಸ್ತ್ರಿ ಇದ್ದಾನೆ, ಕಪ್ಪು-ಬಿಳುಪಿನ ಹುಚ್ಚು ಹಿಡಿದ ಯಾರೋ ಕೂತು ಬರೆದದ್ದು. ಅವನು ಕಪ್ಪು ಮತ್ತು ಬೂದು ಶಾಯಿ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ, ಮಡಿವಂತ. ಅಂಚುಗಳನ್ನು ಹೆಚ್ಚು ಸ್ಪಷ್ಟವಾಗಿ ಮೂಡಿಸುವವನು ಯಾರು ಎಂಬುದರ ಮೇಲೆ ಜನ ಪುಟಗಟ್ಟಲೆ ಜಗಳವಾಡಿದ್ದಾರೆ. ಹಾಲು ಕುಡಿಸುವಾಗ ಎಲ್ಲವನ್ನೂ ಓದಿದೆ.

ಹಾಗಾಗಿ ಎರಡು ಪ್ರಿಂಟ್ ಕಳಿಸಿದ್ದೇನೆ. ಅದೇ ಫೋಟೋ, ಅದೇ ಕಾಗದ (ಸರಿ ಮಗ್ಗುಲು), ಅದೇ ಶಾಯಿ, ಮೇಸ್ತ್ರಿ ಮಾತ್ರ ಬೇರೆ. ಹಿಂದೆ ಪೆನ್ಸಿಲಿನಲ್ಲಿ ಒಂದು, ಎರಡು ಎಂದು ಬರೆದಿದ್ದೇನೆ. ಯಾವುದು ಯಾರದೆಂದು ಹೇಳುವುದಿಲ್ಲ. ಸಸ್ಯಶಾಸ್ತ್ರ ಓದಿದವಳು ನಾನು, ಪ್ರಯೋಗವನ್ನು ಪ್ರಯೋಗದ ಹಾಗೇ ಮಾಡಬೇಕು. ತೀರ್ಪು ನಿಮ್ಮದು.

ಮಗುವಿಗೆ ಎಡಗಿವಿಯ ಹಿಂದೆ ಒಂದು ಕೆಂಪು ಚುಕ್ಕೆ ಕಾಣಿಸಿಕೊಂಡಿತ್ತು. ಡಾಕ್ಟರ ಹತ್ತಿರ ಓಡಿದೆ. ಅವರು ಹತ್ತಿಯಿಂದ ಒರೆಸಿದರು, ಹೋಯಿತು. ಪ್ರಿಂಟರಿನ ಶಾಯಿ.

ನಿಮ್ಮ ಸೊಸೆ

*

ಜುಲೈ 4

ಸೊಸೆಗೆ,

ಹೊಸ್ತಿಲ ಹೊರಗೆ ಕುರ್ಚಿ ಹಾಕಿ, ಬಿಸಿಲಿಗೆ ಹಿಡಿದು, ನೆಗೆಟಿವ್ ನೋಡುತ್ತಿದ್ದ ಭೂತಗನ್ನಡಿಯಲ್ಲಿ ನೋಡಿದೆ. ತೀರ್ಪು ಬರೆದುಕೋ.

ಒಂದು: ಮಂಜು.

ಎರಡು: ಮಂಜೇ, ಆದರೆ ಬಿಸಿಲು ಬಂದ ಮೇಲಿನ ಮಂಜು. ಈ ಮೇಸ್ತ್ರಿಯನ್ನೇ ಇಟ್ಟುಕೋ.

ಟೇಲರಮ್ಮ ಇಣುಕಿ, "ಎರಡೂ ಚೆನ್ನಾಗೈತಲ್ಲೇ, ಕಣ್ಣು ಪಿಳಿಪಿಳಿ ಅಂತಾವೆ" ಅಂದಳು. ಬಟ್ಟೆ ಅಳೆಯುವವಳಿಗೆ ಫೋಟೋ ಏನು ಗೊತ್ತು? ಅವಳು ಹೊಲಿದ ರವಿಕೆಯ ಎರಡು ತೋಳೂ ಒಂದೇ ಅಳತೆಗೆ ಬಂದದ್ದನ್ನು ನಾನು ನೋಡಿಲ್ಲ.

ಡಾಕ್ಟರಿಗೆ ಕೊಟ್ಟ ಫೀಸಿಗೆ ಒಂದು ಸೋಪು ಬರುತ್ತಿತ್ತು.

ಅತ್ತೆ

*

ಜುಲೈ 13

ಅತ್ತೆಗೆ ನಮಸ್ಕಾರ.

"ಎರಡು" ದೊಡ್ಡ ಮೇಸ್ತ್ರಿಯದು. ಚಿಕ್ಕವನು ಗೆಲ್ಲುತ್ತಾನೆಂದು ನಾನು ನಂಬಿದ್ದೆ, ನಿಮ್ಮ ಮಗನ ಹತ್ತಿರ ಪಂದ್ಯವನ್ನೂ ಕಟ್ಟಿ ಸೋತೆ. ಈಗ ಒಂದು ವಾರ ಲಾಲಿ ನಾನೇ ಹಾಡಬೇಕು. ಇಷ್ಟು ದಿನವೂ ನಾನೇ ಹಾಡುತ್ತಿದ್ದೆ ಎಂಬುದು ಪಂದ್ಯ ಕಟ್ಟುವಾಗ ಇಬ್ಬರಿಗೂ ಹೊಳೆಯಲಿಲ್ಲ.

ಆದರೆ ನಾನು ಬಿಡುವವಳಲ್ಲ. ಪ್ರಿಂಟರಿನ ತಲೆ ಹೋಗುವಾಗಲೂ ಶಾಯಿ ಸಿಂಪಡಿಸುತ್ತದೆ, ಬರುವಾಗಲೂ ಸಿಂಪಡಿಸುತ್ತದೆ. ಎರಡು ಸಲದ ಚುಕ್ಕೆಗಳು ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಗೆರೆ ದಪ್ಪವಾಗುತ್ತದೆ. ನಮ್ಮದರಲ್ಲಿ ಅದೇ ಆಗುತ್ತಿತ್ತು. ತಲೆಯನ್ನು ಹೊಂದಿಸಿ, ಒಂದೇ ದಿಕ್ಕಿನಲ್ಲಿ ಓಡುವಂತೆ ಮಾಡಿದೆ. ಕೆಲಸ ನಿಧಾನ, ಆದರೆ ಕೂದಲು ಕೂದಲಾಗಿಯೇ ಬರುತ್ತಿದೆ. ನಿಮ್ಮ ಮಗ ಲಿಫ್ಟ್ ರಿಪೇರಿಯವರಾದ್ದರಿಂದ ಯಾವ ಯಂತ್ರಕ್ಕೂ ಅವರದು ಒಂದೇ ಮದ್ದು: "ಒಂದ್ಸಲ ಆರ್ಸಿ ಹಾಕು." ಮಗು ಅತ್ತಾಗಲೂ ಅದನ್ನೇ ಹೇಳಿದರು. ಅವತ್ತು ಊಟ ಅವರೇ ಬಡಿಸಿಕೊಂಡರು.

ಹೊಸ ಫೋಟೋ ತೆಗೆಯುವುದು ಇನ್ನೊಂದು ಸಾಹಸ. ಎದ್ದಿದ್ದರೆ ಅಲುಗುತ್ತಾಳೆ, ಮಲಗಿದ್ದರೆ ಕ್ಯಾಮೆರಾದ ಟಕ್ ಸದ್ದಿಗೆ ಏಳುತ್ತಾಳೆ. ಅದಕ್ಕೆ ಅವಳ ಜಾಗದಲ್ಲಿ ಬೇರೆ ಏನನ್ನಾದರೂ ಇಟ್ಟು ಬೆಳಕು, ಫೋಕಸ್ ಎಲ್ಲ ಮೊದಲೇ ಹೊಂದಿಸಿಕೊಂಡು, ಆಮೇಲೆ ಅವಳನ್ನು ತಂದು ಮಲಗಿಸುತ್ತೇನೆ. ಈ ಸಲ ಮೂರು, ನಾಲ್ಕು ಎಂದು ಬರೆದು ಎರಡು ಕಳಿಸಿದ್ದೇನೆ.

ಇನ್ನೊಂದು ಮಾತು. ನಿಮ್ಮ ಅಕ್ಷರ ಈಚೆಗೆ ಅಂಗಡಿ ಬೋರ್ಡಿನಷ್ಟು ದೊಡ್ಡದಾಗಿದೆ, ಸಾಲುಗಳು ಜಾರಿ ಮೂಲೆ ಸೇರುತ್ತಿವೆ. ಕೋಪದಲ್ಲಿ ಬರೆದಿರಾ? ನೀವು ಕಳೆದ ಸಲ ಬಂದಾಗ ಬಾಗಿಲ ಹತ್ತಿರದ ಚಪ್ಪಲಿ ಸ್ಟ್ಯಾಂಡಿಗೆ ಎಡವಿ, ಕೈಯಲ್ಲಿದ್ದ ದಿಂಬಿನ ಸಮೇತ ಬಿದ್ದಿರಿ. ದಿಂಬಿನ ಮೇಲೇ ಬಿದ್ದಿರೆಂದು ನಾನು ನಕ್ಕುಬಿಟ್ಟೆ. ಮರುದಿನವೇ ಹೊರಟಿರಿ. ಆಗ ನನಗೆ ಏಳು ತಿಂಗಳು. ಈಗ ಮಗುವಿಗೇ ಐದು ತಿಂಗಳು. ನೀವು ಬಂದಿಲ್ಲ.

ಅದಕ್ಕೇನಾ?

ನಿಮ್ಮ ಸೊಸೆ

*

ಜುಲೈ 24

ಸೊಸೆಗೆ,

ಕೊನೆಗೂ!

ಮೂರರಲ್ಲಿ ಹಳೇ ಕಥೆ. ಮಗು ತೆಳ್ಳಗೆ, ಕಂಡೂ ಕಾಣದ ಹಾಗೆ. ನಾಲ್ಕು ಇದೆಯಲ್ಲ, ಅದು ಫೋಟೋ. ಭೂತಗನ್ನಡಿ ಇಟ್ಟ ತಕ್ಷಣ ಗೆರೆಗೆರೆಯಾಗಿ ಎದ್ದು ಬಂತು. ಮಗು ಮೈ ಕೈ ತುಂಬಿಕೊಂಡಿದ್ದಾಳೆ. ದುಂಡು ಮುಖ, ಅಗಲ ಹಣೆ, ಟೊಪ್ಪಿ ಒಪ್ಪುತ್ತದೆ. ಆ ಹಣೆ ನಿಮ್ಮ ಮಾವನದೇ, ಬೇರೆ ಮಾತಿಲ್ಲ. ಅವರಿಗೂ ಕೋಪ ಬಂದಾಗ ಹೀಗೇ ನರ ಉಬ್ಬುತ್ತಿತ್ತು. ಮಗುವಿಗೆ ಇಷ್ಟು ನರ ಕಾಣುವುದು ಒಳ್ಳೆಯದಲ್ಲ, ಎಣ್ಣೆ ಹಚ್ಚು.

ಟೇಲರಮ್ಮನ ಹತ್ತಿರ ಮಾತು ಬಿಟ್ಟಿದ್ದೇನೆ. ಫೋಟೋ ನೋಡಿ ಅವಳಾಡಿದ ಮಾತು: "ಇದೇನೇ, ತರಕಾರಿ ಇದ್ದಂಗೈತೆ!" ನಾನು ಫೋಟೋ ಕಿತ್ತುಕೊಂಡೆ. "ಅಲ್ಲ ಕಣೇ, ನಿಜವಾಗ್ಲೂ, ನೋಡೇ" ಎಂದು ಇನ್ನೊಂದು ಸಲ ಅಂದಳು. ನಮ್ಮ ಮನೆ ಮಗುವಿಗೆ ತರಕಾರಿ ಅನ್ನುವ ಬಾಯಿಗೆ ಅವಳದೇ ಸೂಜಿ ದಾರ ಹಾಕಬೇಕು. ಹೋಗೇ ಎಂದು ಬಾಗಿಲು ಹಾಕಿಕೊಂಡೆ. ಇನ್ನು ಮೇಲೆ ನಿನ್ನ ಕಾಗದ ನಾನೇ ಓದಿಕೊಳ್ಳಬೇಕು, ಇನ್ನೂ ದೊಡ್ಡದಾಗಿ ಬರೆ.

ನಾಲ್ಕಕ್ಕೆ ಕಟ್ಟು ಹಾಕಿಸಲು ಕೊಟ್ಟಿದ್ದೇನೆ. ಕಟ್ಟು ಹಾಕುವವನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಮ್ಮ, ಇದನ್ನೇನಾ?" ಅಂದ. ಇದನ್ನೇ ಅಂದೆ.

ನಾನು ಬರುವ ವಿಷಯ ಕೇಳಿದ್ದೀಯ. ಚಪ್ಪಲಿ ಸ್ಟ್ಯಾಂಡಿನ ಕಥೆ ಈಗ್ಯಾಕೆ. ಸ್ಟುಡಿಯೋದಲ್ಲಿ ಕೆಲಸ ಇದೆ. ನೋಡೋಣ.

ಅತ್ತೆ

*

ಆಗಸ್ಟ್ 1

ಟೇಲರಮ್ಮನವರಿಗೆ ನಮಸ್ಕಾರ.

ನಾನು ಸ್ಟುಡಿಯೋ ಅಮ್ಮನ ಸೊಸೆ. ನನ್ನ ಕಾಗದಗಳನ್ನು ಓದಿ ನನ್ನ ಸಂಸಾರ ಪೂರ್ತಿ ನಿಮಗೆ ಗೊತ್ತಿರುವುದರಿಂದ ಪೀಠಿಕೆ ಬೇಡ.

ನೀವು ಹೇಳಿದ್ದು ಸರಿ. ಅದು ಎಲೆಕೋಸು.

ಬೆಳಕು ಹೊಂದಿಸಲು ಮಗುವಿನ ದಿಂಬಿನ ಮೇಲೆ ಎಲೆಕೋಸು ಇಟ್ಟು, ತಲೆ ಇದ್ದ ಹಾಗೆ ಇರಲಿ ಎಂದು ಅವಳ ಟೊಪ್ಪಿ ಹಾಕಿ, ಪರೀಕ್ಷೆಗೊಂದು ಪ್ರಿಂಟ್ ತೆಗೆದಿದ್ದೆ. ಎಲೆಯ ನರಗಳಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಲಕೋಟೆಗೆ ಹಾಕುವಾಗ ತೂಕಡಿಸುತ್ತಿದ್ದಿರಬೇಕು. ಮಗುವಿನ ಫೋಟೋ ಇಲ್ಲೇ ಉಳಿದಿದೆ, ಎಲೆಕೋಸು ಊರಿಗೆ ಬಂದಿದೆ.

ಅತ್ತೆಯ ಕಾಗದ ಓದಿ ನಾನು ಎಷ್ಟು ನಕ್ಕೆ ಎಂದರೆ ಆಗಷ್ಟೇ ಮಲಗಿದ್ದ ಮಗು ಎದ್ದಿತು. ಅವಳನ್ನು ಎತ್ತಿಕೊಂಡು ಓಡಾಡುತ್ತ ಇನ್ನೊಂದು ಸಲ ಓದಿದೆ. ಆಗ ನಗು ಬರಲಿಲ್ಲ.

ಟೇಲರಮ್ಮನವರೇ, ಅವರಿಗೆ ಎಷ್ಟು ಕಾಣುತ್ತಿದೆ? ನಿಮ್ಮಿಂದ ಆಣೆ ಹಾಕಿಸಿಕೊಂಡಿರುತ್ತಾರೆ, ಗೊತ್ತು. ಬಾಯಿಬಿಟ್ಟು ಏನೂ ಹೇಳಬೇಡಿ, ಆಣೆ ಮುರಿಯಬೇಡಿ. ಒಂದು ತುಂಡು ಬಟ್ಟೆ ಲಕೋಟೆಯಲ್ಲಿ ಹಾಕಿ ಕಳಿಸಿ. ಚೆನ್ನಾಗಿ ಕಾಣುತ್ತದೆ ಎಂದಾದರೆ ಬಿಳಿ ಪಾಪ್ಲಿನ್ ಹಾಕಿ. ಕಾಣುವುದಿಲ್ಲ ಎಂದಾದರೆ ಸೊಳ್ಳೆಪರದೆ ಬಟ್ಟೆ.

ಕಟ್ಟು ಹಾಕುವವನಿಗೆ ಸ್ವಲ್ಪ ತಡಮಾಡಲು ಹೇಳುತ್ತೀರಾ?

ಇಂತಿ,
ಎಲೆಕೋಸಿನ ತಾಯಿ

*

ಆಗಸ್ಟ್ 12

ಅತ್ತೆಗೆ ನಮಸ್ಕಾರ.

ಪೆನ್ನು ಬಿಟ್ಟು ಬ್ರಷ್ ಹಿಡಿದಿದ್ದೇನೆ, ಪುಟಕ್ಕೆ ನಾಲ್ಕೇ ಸಾಲು. ಆದ್ದರಿಂದ ಇದು ದಪ್ಪ ಕಟ್ಟು. ಅಂಚೆಯವನು ಮದುವೆ ಆಲ್ಬಮ್ ಎಂದುಕೊಂಡಾನು.

ನಿಮ್ಮಿಂದ ಒಂದು ಸಲಹೆ ಬೇಕು. ಮೇಸ್ತ್ರಿ ಬದಲಿಸಿದೆ, ಕಾಗದ ಬದಲಿಸಿದೆ, ಪ್ರಿಂಟರಿನ ತಲೆ ಹೊಂದಿಸಿದೆ. ಇಲ್ಲಿ ಎಲ್ಲರಿಗೂ ಸ್ಪಷ್ಟ ಕಾಣುವ ಪ್ರಿಂಟು ಒಂದೇ ಒಂದು ಜಾಗದಲ್ಲಿ ಮಂಜಾಗಿ ಕಾಣುತ್ತಿದೆ. ನಿಮ್ಮ ಕಪಾಟಿನಲ್ಲಿ ಒಂದು ಹಳೇ ಲೆನ್ಸ್ ಇತ್ತಲ್ಲ, ಒಳಗಡೆ ಬೂಷ್ಟು ಹಿಡಿದು ಹಾಲಿನ ಹಾಗೆ ಬೆಳ್ಳಗಾಗಿದ್ದು. ಅಂಥ ಲೆನ್ಸಿಗೆ ನೀವು ಏನು ಮಾಡುತ್ತಿದ್ದಿರಿ? ಹೊರಗಿನಿಂದ ಒರೆಸಿದರೆ ಹೋಗುತ್ತದಾ? ಅಥವಾ ಬಿಚ್ಚಿ ಬದಲಿಸಲೇಬೇಕಾ?

ನಿಮ್ಮ ಸೊಸೆ

*

ಆಗಸ್ಟ್ 21

ಸೊಸೆಗೆ,

ನನ್ನನ್ನು ಪೆದ್ದಿ ಅಂದುಕೊಂಡೆಯಾ? ಲೆನ್ಸ್ ಅಂತೆ, ಬೂಷ್ಟು ಅಂತೆ. ನನ್ನ ಕಪಾಟಿನಲ್ಲಿ ಬೂಷ್ಟು ಹಿಡಿದ ಲೆನ್ಸ್ ಯಾವತ್ತೂ ಇರಲಿಲ್ಲ. ನಾನು ಇಡುವವಳಲ್ಲ.

ನಿನಗೆ ಸುಳಿವು ಕೊಟ್ಟವಳು ಟೇಲರಮ್ಮನೇ, ಅಂಗಡಿಗೆ ಹೋಗಿ ಬೈಯಬೇಕು ಅಂತ ಹೊರಟೆ. ಬಾಗಿಲಲ್ಲೇ ನಿಲ್ಲಿಸಿದ್ದ ಬೊಂಬೆಗೆ ಪೂರ್ತಿ ಬೈದೆ. ಒಳಗಿನಿಂದ ಅವಳು, "ಆಯ್ತಾ? ಆಗಿದ್ರೆ ಇತ್ಲಾಗೆ ಬಾ, ನಾನು ಇಲ್ಲಿದೀನಿ" ಅಂದಳು.

ಈಗ ಹೇಳುತ್ತೇನೆ ಕೇಳು, ಒಂದೇ ಸಲ ಹೇಳುತ್ತೇನೆ. ನೀನು ನಕ್ಕಿದ್ದಕ್ಕೆ ಕೋಪ ಇಲ್ಲ. ಬಿದ್ದವಳನ್ನು ನೋಡಿ ನಗದಿದ್ದರೆ ಮನುಷ್ಯಳೇ ಅಲ್ಲ. ಆ ಸ್ಟ್ಯಾಂಡು ಹಗಲು ಹೊತ್ತಿನಲ್ಲಿ, ನಡುದಾರಿಯಲ್ಲಿ, ನನ್ನ ಸೊಂಟದಷ್ಟು ಎತ್ತರಕ್ಕೆ ಇತ್ತು. ನನಗೆ ಕಾಣಲಿಲ್ಲ. ಅವತ್ತು ನನ್ನ ಕೈಯಲ್ಲಿ ದಿಂಬಿತ್ತು. ದಿಂಬಿನ ಜಾಗದಲ್ಲಿ ಮಗು ಇದ್ದಿದ್ದರೆ?

ಬಂದರೆ ಎತ್ತಿಕೊಳ್ಳದೆ ಇರಲಾರೆ. ಎತ್ತಿಕೊಂಡರೆ ನಡೆಯದೆ ಇರಲಾರೆ. ಅದಕ್ಕೆ ಬರಲಿಲ್ಲ. ಫೋಟೋ ಸರಿಯಿಲ್ಲ ಅನ್ನುತ್ತಿದ್ದರೆ ದಿನ ತಳ್ಳಬಹುದಿತ್ತು. ಸುಳ್ಳೂ ಅಲ್ಲ, ನನಗೆ ಕಂಡದ್ದನ್ನೇ ಬರೆದೆ.

ಕಣ್ಣಿನ ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂತ ಕೇಳುತ್ತೀಯ. ಮದುಮಗಳು ಹೆದರಿದರೆ, "ಹೆದರಬೇಡ, ನನ್ನ ಕಣ್ಣು ನೋಡು" ಅನ್ನುತ್ತಿದ್ದವಳು ನಾನು. ನನ್ನ ಕಣ್ಣಿಗೆ ಇನ್ನೊಬ್ಬರು ಸೂಜಿ ತರುತ್ತಾರೆ ಅಂದರೆ ನನಗೂ ಹೆದರಿಕೆಯೇ. ಸಾಕಾ?

ಅತ್ತೆ

*

ಆಗಸ್ಟ್ 27

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಿಮ್ಮ ಮಗನಿಗೂ ಕೊಟ್ಟೆ. ಓದಿ ಎದ್ದು ಹೋಗಿ ಚಪ್ಪಲಿ ಸ್ಟ್ಯಾಂಡನ್ನು ಮಹಡಿಗೆ ಹೊತ್ತು ಹಾಕಿ ಬಂದರು. ಈಗ ಚಪ್ಪಲಿಗಳೆಲ್ಲ ನೆಲದ ಮೇಲಿವೆ, ನಾವು ಅವಕ್ಕೆ ಎಡವುತ್ತಿದ್ದೇವೆ.

ಅತ್ತೆ, ನನ್ನ ಕಣ್ಣಿಗೆ ಏನೂ ಆಗಿಲ್ಲ. ಆದರೂ ಅವಳನ್ನು ಎತ್ತಿಕೊಂಡು ಪ್ರತಿಸಲ ಹೊಸ್ತಿಲು ದಾಟುವಾಗ ಬಿದ್ದುಬಿಡುತ್ತೇನೆ ಅನ್ನಿಸುತ್ತದೆ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಳ್ಳುತ್ತೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಎಲ್ಲ ತಾಯಂದಿರೂ ಧೈರ್ಯವಾಗಿರುತ್ತಾರೆ, ನನಗೊಬ್ಬಳಿಗೇ ಹೀಗೆ ಎಂದುಕೊಂಡಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಇಬ್ಬರಾದೆವು.

ಡಾಕ್ಟರ ಹತ್ತಿರ ಹೋಗಿ. ಟೇಲರಮ್ಮ ಜೊತೆಗೆ ಬರುತ್ತಾರೆ. ಅವರು ಆಣೆ ಮುರಿದಿಲ್ಲ, ನನಗೆ ಬಂದದ್ದು ಒಂದು ತುಂಡು ಸೊಳ್ಳೆಪರದೆ ಬಟ್ಟೆ ಮಾತ್ರ. ನಿಮ್ಮ ಮಗನೂ ಬರುತ್ತಾರೆ. ಆದರೆ ಅವರನ್ನು ಆಪರೇಷನ್ ಕೋಣೆಯ ಹತ್ತಿರ ಬಿಡಬೇಡಿ, ಯಾವುದಾದರೂ ಯಂತ್ರವನ್ನು ಆರಿಸಿ ಹಾಕಿಯಾರು.

ನಿಮ್ಮ ಸೊಸೆ

ತಾ.ಕ.: ನಾಲ್ಕನೆಯ ಪ್ರಿಂಟಿನ ಬಗ್ಗೆ ಒಂದು ವಿಷಯ ಹೇಳುವುದಿದೆ. ಆಪರೇಷನ್ ಆದ ಮೇಲೆ ನೀವೇ ನೋಡಿ.

*

ಸೆಪ್ಟೆಂಬರ್ 19

ಸೊಸೆಗೆ,

ನಿನ್ನ ಪ್ರಯೋಗವನ್ನು ನಾನು ಮುಗಿಸಿದ್ದೇನೆ. ಬಲಗಣ್ಣಿನ ಪೊರೆ ತೆಗೆದು ಹೊಸ ಲೆನ್ಸ್ ಕೂರಿಸಿದರು. ಎಡಗಣ್ಣು ಮುಂದಿನ ತಿಂಗಳು. ಹಾಗಾಗಿ ಸದ್ಯಕ್ಕೆ ನನ್ನ ತಲೆಯಲ್ಲೇ ಇಬ್ಬರು ಮೇಸ್ತ್ರಿಗಳಿದ್ದಾರೆ, ಒಬ್ಬ ಹಳಬ, ಒಬ್ಬ ಹೊಸಬ. ನಿನ್ನ ಎಲ್ಲ ಪ್ರಿಂಟುಗಳನ್ನೂ ಮೇಜಿನ ಮೇಲೆ ಹರಡಿ, ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ.

ಎಡಗಣ್ಣಿಗೆ ಎಲ್ಲವೂ ಮಂಜು. ಬಲಗಣ್ಣಿಗೆ ಮೊಟ್ಟಮೊದಲು ಕಳಿಸಿದ್ದೊಂದನ್ನು ಬಿಟ್ಟು (ಕಾಗದದ ಹಿಂಬದಿಗೆ ಹಾಕಿದ್ದು ನಿಜಕ್ಕೂ ಮೋಡವೇ, ಅಲ್ಲಿ ನಾನು ಗೆದ್ದೆ) ಎಲ್ಲವೂ ಚೆನ್ನಾಗಿವೆ. ಕೈಯಳತೆ ದೂರದಲ್ಲಿಟ್ಟರೆ ನಿನ್ನ ಇಬ್ಬರು ಮೇಸ್ತ್ರಿಗಳಿಗೂ ಭೇದವಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಚಿಕ್ಕವನ ಕೈ ಒಂದು ಕೂದಲೆಳೆಯಷ್ಟು ಹೆಚ್ಚು ಶುದ್ಧ. ಪಂದ್ಯ ನೀನು ಗೆದ್ದೆ, ನನ್ನ ಮಗನ ಕೈಲಿ ಲಾಲಿ ಹಾಡಿಸು. ಮೂರನೆಯದರಲ್ಲಿ ರೆಪ್ಪೆಗೂದಲು ಎಣಿಸಬಹುದು. ಎರಡು ತಿಂಗಳಿನಿಂದ ನನ್ನ ಮೇಜಿನ ಮೇಲೇ ಇತ್ತು. ನೆಲ ಸರಿಯಾಗಿಯೇ ಇತ್ತು ಕಣೆ.

ಇನ್ನು ನಾಲ್ಕು.

ಕಟ್ಟು ಹಾಕಿಸಿದ್ದನ್ನು ಬಿಚ್ಚಿ ಬಲಗಣ್ಣಿಗೆ ಹಿಡಿದೆ. ಬಹಳ ಹೊತ್ತು ಹಿಡಿದೆ. ಆಮೇಲೆ ಟೇಲರಮ್ಮನ ಅಂಗಡಿಗೆ ಹೋಗಿ, ಬೊಂಬೆ ಯಾವುದು ಅವಳು ಯಾವುದು ನೋಡಿಕೊಂಡು, "ತರಕಾರಿನೇ ಕಣೇ" ಅಂದೆ. ಅವಳು ಹೊಲಿಗೆ ಮಿಷನ್ ನಿಲ್ಲಿಸಿ ನಕ್ಕಳು ನೋಡು, ಬೀದಿಯ ಆ ಕೊನೆಯ ಅಂಗಡಿಯವರು ಎದ್ದು ಬಂದರು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಕೇಳಿದ್ದೆ, ಅಜ್ಜಿಗೆ ಎಲೆಕೋಸು ಮುದ್ದು ಅಂತ ಕೇಳಿರಲಿಲ್ಲ" ಅಂದಳು. ನಿಮ್ಮ ಮಾವ ಬದುಕಿದ್ದರೆ ಅವರ ಹಣೆಗೆ ನಾನು ಕೊಟ್ಟ ಹೋಲಿಕೆಗೆ ನರ ಉಬ್ಬಿಸುತ್ತಿದ್ದರು.

ಆದರೂ ಹೇಳುತ್ತೇನೆ, ಫೋಟೋ ಚೆನ್ನಾಗಿದೆ. ಬೆಳಕು ಚೆನ್ನಾಗಿದೆ, ನರ ನರವೂ ಬಂದಿದೆ. ಗೋಡೆಯ ಮೊಳೆಗೆ ಅದನ್ನೇ ಹಾಕಿದ್ದೇನೆ, ಟೊಪ್ಪಿ ಸಮೇತ, ನಿನ್ನ ಗಂಡನ ಪಕ್ಕ. ಮೂಗು ಒರೆಸದವನ ಪಕ್ಕ ಮೂಗೇ ಇಲ್ಲದ್ದು, ಜೋಡಿ ಚೆನ್ನಾಗಿದೆ. ಮಗುವಿನ ಫೋಟೋಗೆ ಹೊಸ ಮೊಳೆ ಹೊಡೆಯುತ್ತೇನೆ, ಅದನ್ನು ನಾನೇ ತೆಗೆಯುತ್ತೇನೆ.

ಗುರುವಾರ ಬರುತ್ತೇನೆ. ಕರೆದುಕೊಂಡು ಬರಲು ಯಾರೂ ಬೇಡ, ಬಸ್ಸಿನ ಬೋರ್ಡು ಈಗ ನಾನೇ ಓದುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಬಂದೇನು. ಬಾಗಿಲಿಗೆ ಚಿಲಕ ಹಾಕಬೇಡ, ಬೆಲ್ ಒತ್ತಿದರೆ ಮಗು ಏಳುತ್ತದೆ. ಎದುರುಗೊಳ್ಳಲು ನಿಂತಿರಬೇಡ, ಮಲಗಿರು.

ಅತ್ತೆ

*

(ಮಗುವಿನ ಫೋಟೋದ ಹಿಂದೆ, ಕಾಗದದ ಶಾಯಿ ಹಿಡಿಯದ ಮಗ್ಗುಲಲ್ಲಿ, ಪೆನ್ಸಿಲಿನಲ್ಲಿ)

ಸೆಪ್ಟೆಂಬರ್ 25, ಗುರುವಾರ

ಎದ್ದಾಗ ಓದು ಎಂದು ನಿನ್ನ ದಿಂಬಿನ ಹತ್ತಿರ ಇಟ್ಟಿದ್ದೇನೆ.

ಬಂದೆ. ಚಪ್ಪಲಿಗಳನ್ನೆಲ್ಲ ದಾಟಿಕೊಂಡೇ ಬಂದೆ, ಒಂದಕ್ಕೂ ಎಡವಲಿಲ್ಲ. ನೀನು ಬಾಯಿ ತೆರೆದುಕೊಂಡು ಮಲಗಿದ್ದೆ. ಪಕ್ಕದಲ್ಲಿ ಇವಳು ಎದ್ದು ಕಣ್ಣು ಬಿಟ್ಟುಕೊಂಡು ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಅಳಲಿಲ್ಲ. ಗೂಬೆಮರಿ ಅಂದದ್ದು ತಪ್ಪಲ್ಲ.

ನಡೆಯುವುದು ಬೇಡ ಎಂದುಕೊಂಡು ನೆಲದ ಮೇಲೇ ಕೂತು ಎತ್ತಿಕೊಂಡೆ. ಆಮೇಲೆ ಎದ್ದು ಕಿಟಕಿಯವರೆಗೆ ನಡೆದೆ. ಆಮೇಲೆ ಅಡುಗೆಮನೆಯವರೆಗೆ.

ಈಗ ಮಡಿಲಲ್ಲಿ ಮಲಗಿದ್ದಾಳೆ. ಬಲಗಣ್ಣಿನ ರೆಪ್ಪೆಗೂದಲು ಎಣಿಸಿ ಮುಗಿಯಿತು. ಎಡಗಣ್ಣಿನದು ಅರ್ಧಕ್ಕೆ ಬಂದಾಗ ಕಣ್ಣು ಬಿಟ್ಟಳು, ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸುತ್ತಿದ್ದೇನೆ.

ನನಗೇನೂ ಅವಸರವಿಲ್ಲ. ಮಗ್ಗುಲು ಬದಲಿಸಿ ಮಲಗು.

ಅತ್ತೆ